ಒಂದೇ ಅಳತೆಯ ಸೊಪ್ಪು

ನೋಡಲು ಬಂದವರಿಗೆಲ್ಲ ಹೊಲಿಗೆ ನೋಡುವ ಆಸೆ. ‘ಎಷ್ಟು ಹೊಲಿಗೆ ಹಾಕವ್ರೆ ಮೇಷ್ಟ್ರೇ?’ ಎಂದು ಬಾಗಿಲಲ್ಲೇ ಕೇಳುತ್ತಿದ್ದರು. ನಾನು ಕವುಚಿ ಮಲಗಿ ಎಡ ಮಂಡಿಯ ಹಿಂದಿನ ಗುಳಿ ತೋರಿಸುತ್ತಿದ್ದೆ. ಅಲ್ಲಿ ಕಡಲೆಕಾಯಿ ಬೀಜ ಒತ್ತಿ ತೆಗೆದಂಥ ಒಂದು ಕಲೆ, ಅಷ್ಟೇ. ಬಂದವರ ಮುಖ ಸಪ್ಪಗಾಗುತ್ತಿತ್ತು. ರಾಯಚೆರ್ಲಿನಿಂದ ಬಂದ ದೊಡ್ಡಪ್ಪ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ‘ಇಷ್ಟೇ ತೂತಿಗೆ ಎರಡು ವರ್ಷದ ಗುತ್ತಿಗೆ ದುಡ್ಡಾ?’ ಅಂದರು. ಆಮೇಲೆ ತಮ್ಮ ಅಂಗಿ ಎತ್ತಿ, ಹಿಂದೆ ಯಾವಾಗಲೋ ಹೊಟ್ಟೆ ಕುಯ್ದಿದ್ದ ಗೇಣುದ್ದದ ಗೆರೆ ತೋರಿಸಿ, ಆಪರೇಷನ್ ಅಂದರೆ ಇದಪ್ಪಾ ಎನ್ನುವಂತೆ ಎಲ್ಲರತ್ತ ನೋಡಿದರು.

ನಮ್ಮಲ್ಲಿ ಈಗ ಖರ್ಚನ್ನೆಲ್ಲ ಗುತ್ತಿಗೆಯ ಲೆಕ್ಕದಲ್ಲೇ ಹೇಳುವುದು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ನಮ್ಮ ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ ಪಾವಗಡದ ಸೋಲಾರ್ ಪಾರ್ಕಿಗೆ ಹೋಗಿದೆ. ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟಿದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಶುರುವಾಯಿತು; ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರುತ್ತದೆ. ನಮ್ಮದು ಆರು ಎಕರೆ. ಮನೆ ಮೇಲೆ ಮನೆ ಕಟ್ಟಿಸಿದವರು ಐದು ವರ್ಷದ ಗುತ್ತಿಗೆ ಕಟ್ಟಿದೆ ಅನ್ನುತ್ತಾರೆ, ಮಗಳ ಮದುವೆ ಮಾಡಿದವರು ಮೂರು ವರ್ಷದ್ದು ಅನ್ನುತ್ತಾರೆ. ನನ್ನ ಎಡಗಾಲು ಎರಡು ವರ್ಷದ್ದು ತಿಂದಿತು.

2019ರ ಅಕ್ಟೋಬರಿನಲ್ಲಿ ಶಾಲೆಯಿಂದ ಬರುತ್ತಾ ಬೈಕು ಜಾರಿ ಬಿದ್ದೆ. ಎಡಗಾಲಿನ ಹರಡಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ಬೆರಳಾಡಿಸುತ್ತಿರಿ, ತೊಡೆ ಬಿಗಿ ಹಿಡಿದು ಬಿಡಿ ಎಂದು ಹಾಕಿದವರು ಹೇಳಿಯೇ ಇರುತ್ತಾರೆ, ನಾನು ಕೇಳಿಸಿಕೊಂಡಿರಲಿಲ್ಲ. ಜಗಲಿಯ ಮಂಚದ ಮೇಲೆ ಕಾಲು ನೀಡಿಕೊಂಡು ಹುಡುಗರ ಉತ್ತರ ಪತ್ರಿಕೆ ತಿದ್ದಿದೆ, ಪೇಪರ್ ಓದಿದೆ, ಬಿದ್ದುಕೊಂಡೆ. ನೀರಿನ ಚೊಂಬೂ ಕೈಗೆ ಬರುತ್ತಿತ್ತು. ಮೂವತ್ತಮೂರು ವರ್ಷಕ್ಕೆ ಅಷ್ಟು ರಾಜೋಪಚಾರ ನನಗೆ ಸಿಕ್ಕಿದ್ದು ಅದೇ ಮೊದಲು.

ಡಿಸೆಂಬರಿನಲ್ಲಿ ಪ್ಲಾಸ್ಟರ್ ಒಡೆದಾಗ ಒಳಗಿದ್ದ ಕಾಲು ಒಣ ದಂಟಿನಂತಿತ್ತು. ಹತ್ತು ದಿನ ಹೋಗಲಿಲ್ಲ, ಮೀನಖಂಡ ಬಿಗಿದು ಊದಿತು. ಆಮೇಲೆ ತೊಡೆ. ಬಣ್ಣ ನೀಲಿಗೆ ತಿರುಗುತ್ತಿತ್ತು, ಮುಟ್ಟಿದರೆ ಬಿಸಿ.

ಪಾವಗಡದ ಕಡೆ ಕಾಲುನೋವು ಅಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಕೊಳವೆಬಾವಿ ನೀರಿನ ಫ್ಲೋರೈಡು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಎಳೆದು, ದೊಡ್ಡವರ ಮಂಡಿ, ಸೊಂಟ, ಕತ್ತುಗಳನ್ನು ಬಿಗಿದುಹಾಕುವ ಸೀಮೆ ಇದು. ನೋಯದ ಕಾಲಿದ್ದವನೇ ಇಲ್ಲಿ ಹೊರಗಿನವನು. ಹಾಗಾಗಿ ನನ್ನ ಕಾಲಿಗೂ ಮೊದಲು ನೀರನ್ನೇ ಬೈದರು. ದೊಡ್ಡಪ್ಪ ಮಾತ್ರ ಆನೆಕಾಲು ಅಂದರು. ಆ ಮಾತು ಮಿಡಿಗೇಶಿಯವರೆಗೂ ಹೋಗಿ, ಅಲ್ಲಿಂದ ಬರಬೇಕಿದ್ದ ಒಂದು ಸಂಬಂಧದವರು ಬರಲೇ ಇಲ್ಲ.

ಅಮ್ಮ ಹರಳೆಣ್ಣೆ ಕಾಸಿದಳು. ರಾತ್ರಿ ಊಟವಾದ ಮೇಲೆ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಪಾದದಿಂದ ತೊಡೆಯವರೆಗೆ ನೀವುತ್ತಿದ್ದಳು. ನಲವತ್ತು ವರ್ಷ ಕಡಲೆಕಾಯಿ ಬಿಡಿಸಿದ ಬೆರಳುಗಳು; ಎಲ್ಲಿ ಗಟ್ಟಿಯಿದೆ, ಎಲ್ಲಿ ಪೊಳ್ಳು ಎಂದು ಮುಟ್ಟಿದರೆ ತಿಳಿಯುತ್ತಿತ್ತು. ಗಟ್ಟಿ ಸಿಕ್ಕಿದ ಕಡೆ ಹೆಬ್ಬೆರಳು ಊರಿ ಉಜ್ಜುತ್ತಿದ್ದಳು, ಆಮೇಲೆ ಬಿಸಿನೀರಿನ ಬಟ್ಟೆಯ ಶಾಖ. ಎಂಟು ರಾತ್ರಿ ಹೀಗೇ ನಡೆಯಿತು. ಸುಖವಾಗಿತ್ತು. ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ? ಒಂದೊಂದು ರಾತ್ರಿ ಅವಳ ಕೈ ಕೆಳಗೇ ನಿದ್ದೆ ಹೋಗುತ್ತಿದ್ದೆ.

ಒಂಬತ್ತನೆಯ ದಿನ ಬೆಳಿಗ್ಗೆ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಅರ್ಧಕ್ಕೇ ನಿಂತಿತು. ಎದೆಯ ಬಲಗಡೆ ಮುಳ್ಳು ಆಡಿದ ಹಾಗೆ. ಅಣ್ಣ ಕರೆದುಕೊಂಡು ಹೋದ ಡಾಕ್ಟರು ದರ್ಜಿಯ ಟೇಪು ತೆಗೆದು ಎರಡೂ ಕಾಲು ಅಳೆದರು. ಐದು ಸೆಂಟಿಮೀಟರ್ ವ್ಯತ್ಯಾಸ. ಅವರು ಟೇಪು ಸುತ್ತಿಡಲೂ ಇಲ್ಲ. ‘ನಡೆಸಬೇಡಿ ಇವರನ್ನ. ಕಾರು ಮಾಡಿಕೊಂಡು ಈಗಲೇ ಹೊರಡಿ’ ಅಂದರು. ತುಮಕೂರಿನಲ್ಲಿ ಡಾಪ್ಲರ್ ಸ್ಕ್ಯಾನ್, ಅಲ್ಲಿಂದ ಬೆಂಗಳೂರು. ಮಧುಗಿರಿ, ಕೊರಟಗೆರೆ ಎಲ್ಲ ಅಣ್ಣನ ತೊಡೆಯ ಮೇಲೆ ಕಾಲಿಟ್ಟುಕೊಂಡೇ ದಾಟಿದೆ. ಸಾಯುವ ಭಯಕ್ಕಿಂತ, ಅಣ್ಣನ ಇಸ್ತ್ರಿ ಪ್ಯಾಂಟಿಗೆ ಎಣ್ಣೆ ಹತ್ತುತ್ತಿದೆಯಲ್ಲ ಎಂಬ ಸಂಕೋಚವೇ ಹೆಚ್ಚಾಗಿತ್ತು.

ರಕ್ತನಾಳದ ಸರ್ಜನ್ ಒಬ್ಬರು ಚೀಟಿಯ ಹಿಂಬದಿಯಲ್ಲಿ ಬರೆದು ತಿಳಿಸಿದರು. ಹೃದಯ ರಕ್ತವನ್ನು ಕಾಲಿಗೆ ತಳ್ಳುತ್ತದೆ. ಕೆಳಗಿಂದ ಮೇಲೆತ್ತುವ ಕೆಲಸ ಮುಖ್ಯವಾಗಿ ಮೀನಖಂಡದ್ದು. ನಡೆದಾಗ ಆ ಮಾಂಸ ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಏರಿದ್ದು ಜಾರದಂತೆ ನಾಳದೊಳಗೆ ಸಣ್ಣ ಬಾಗಿಲುಗಳಿವೆ. ‘ಪಂಪ್‌ಸೆಟ್ಟಿಗೆ ಫುಟ್‌ವಾಲ್ವ್ ಇದ್ದಂಗೆ’ ಅಂದ ಅಣ್ಣ. ‘ಹಾಗೇ’ ಅಂದರು ಡಾಕ್ಟರು. ನನಗೆ ನಮ್ಮಪ್ಪನ ಕಪಿಲೆ ನೆನಪಾಯಿತು. ಎತ್ತು ನಡೆದರೆ ನೀರು, ಎತ್ತು ನಿಂತರೆ ಇಲ್ಲ. ನಾಳದೊಳಗೆ ರಕ್ತ ಗರಣೆ ಕಟ್ಟುವುದಕ್ಕೆ ರಕ್ತ ನಿಲ್ಲುವುದು, ನಾಳದ ಒಳಮೈಗೆ ಪೆಟ್ಟಾಗುವುದು, ರಕ್ತಕ್ಕೇ ಹೆಪ್ಪಾಗುವ ಸ್ವಭಾವ ಹೆಚ್ಚುವುದು ಎಂಬ ಮೂರು ಕಾರಣಗಳ ಮೂಲ ಜರ್ಮನಿಯ ರುಡಾಲ್ಫ್ ವಿರ್ಶೋ 1856ರಲ್ಲಿ ಪ್ರಕಟಿಸಿದ ಬರಹಗಳಲ್ಲಿದೆ. ನನ್ನಲ್ಲಿ ಮೊದಲೆರಡು ಚೆನ್ನಾಗಿಯೇ ಕೂಡಿದ್ದವು. ಜೊತೆಗೆ ಇನ್ನೊಂದು: ಸೊಂಟದ ಒಳಗೆ ಬಲಗಾಲಿಗೆ ಹೋಗುವ ಧಮನಿ ಎಡಗಾಲಿನಿಂದ ಬರುವ ಅಭಿಧಮನಿಯ ಮೇಲೆ ಹಾದು ಅದನ್ನು ಬೆನ್ನುಮೂಳೆಗೆ ಒತ್ತುತ್ತದೆ. ಕೆಲವರಲ್ಲಿ ಆ ಒತ್ತು ಜಾಸ್ತಿ. 1957ರಲ್ಲಿ ಅದನ್ನು ವಿವರಿಸಿದ ಮೇ ಮತ್ತು ಥರ್ನರ್ ಎಂಬಿಬ್ಬರ ಹೆಸರೇ ಅದಕ್ಕೆ ನಿಂತಿದೆ. ಅಂದರೆ ಹುಟ್ಟಿದಾಗಿನಿಂದ ನನ್ನ ಎಡಗಾಲಿನ ಪೈಪಿನ ಮೇಲೆ ಯಾರೋ ಕಾಲಿಟ್ಟುಕೊಂಡೇ ನಿಂತಿದ್ದರು.

ಚೀಟಿ ಮಡಿಸುತ್ತಾ ಅವರು ಕೇಳಿದರು: ‘ಊದಿದ ಮೇಲೆ ಕಾಲನ್ನ ಯಾರಾದರೂ ತಿಕ್ಕಿದರಾ? ಒತ್ತಿದರಾ?’

‘ಇಲ್ಲ ಸಾರ್’ ಅಂದೆ.

ಅಣ್ಣ ನನ್ನ ಮುಖ ನೋಡಿ, ಆಮೇಲೆ ನೆಲ ನೋಡಿದ. ಹರಳೆಣ್ಣೆಯ ವಾಸನೆ ಆ ಕೋಣೆಯಲ್ಲಿ ನನಗೊಬ್ಬನಿಗೇ ಬಂತೋ ಅವರಿಗೂ ಬಂತೋ ಗೊತ್ತಿಲ್ಲ. ತಿಕ್ಕಿದರೆ ಗರಣೆ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಒಂದು ಚೂರು ಆಗಲೇ ಹೋಗಿದೆ ಎಂದು ಅವರು ವಿವರಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಆಪರೇಷನ್ನಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕವುಚಿ ಮಲಗಿಸಿ, ಮಂಡಿಯ ಹಿಂದೆ ಮರಗಟ್ಟಿಸಿ, ಸ್ಕ್ಯಾನಿನಲ್ಲಿ ನೋಡಿಕೊಂಡು ನಾಳಕ್ಕೆ ಸೂಜಿ ಇಳಿಸಿದರು. ಆ ದಾರಿಯಲ್ಲೇ ತೆಳ್ಳನೆಯ ಕೊಳವೆ ಏರಿಸಿ ಗರಣೆ ಕರಗಿಸುವ ಔಷಧಿ ಬಿಟ್ಟರು, ಕರಗದ್ದನ್ನು ಹೀರಿ ತೆಗೆದರು, ಕಿರಿದಾದ ಕಡೆ ಬಲೂನು ಉಬ್ಬಿಸಿ ಸ್ಟೆಂಟ್ ಕೂರಿಸಿದರು. ನನಗೆ ಪೂರ್ತಿ ಎಚ್ಚರವಿತ್ತು. ತೆಗೆದದ್ದನ್ನು ಆಮೇಲೆ ಬಟ್ಟಲಲ್ಲಿ ತೋರಿಸಿದರು. ಆಲೆಮನೆಯ ಕೊಪ್ಪರಿಗೆಯ ತಳದಲ್ಲಿ ಸೀದು ಕಚ್ಚಿದ ಬೆಲ್ಲದ ಹಾಗೆ ಕಪ್ಪು ತುಣುಕುಗಳು. ಊರಿನಲ್ಲಿ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳಂತೆ: ‘ರಕ್ತಂ ಗಡ್ಡ ಕಟ್ಟಿಂದಂಟ.’ ನಮ್ಮ ಮನೆಮಾತು ತೆಲುಗು; ರಕ್ತ ಹೆಪ್ಪುಗಟ್ಟಿತಂತೆ ಎಂದರ್ಥ. ಶಿರಾ ಕಡೆಯ ನಮ್ಮ ಹೆಡ್‌ಮಾಸ್ತರರು ಫೋನಿನಲ್ಲಿ ಇದನ್ನು ಕೇಳಿಸಿಕೊಂಡು, ‘ಗಡ್ಡ ಬಿಟ್ಟಿದಾರಂತಾ? ಇರಲಿ ಬಿಡಿ, ಹರಕೆಯೇನೋ’ ಅಂದರಂತೆ.

2020ರ ಸಂಕ್ರಾಂತಿಗೆ ಮುಂಚೆ ಮನೆಗೆ ಬಂದೆ. ಆಪರೇಷನ್ ಮೂರು ಗಂಟೆಯದು. ಸುಧಾರಿಸಿಕೊಳ್ಳುವುದು ಆರು ತಿಂಗಳದು. ಅದನ್ನು ನನಗೆ ಯಾರೂ ಹೆದರಿಸಿ ಹೇಳಿರಲಿಲ್ಲ. ಮೊದಲ ವಾರ ಹೊಟ್ಟೆಯ ಚರ್ಮಕ್ಕೆ ದಿನಕ್ಕೆರಡು ಹೆಪಾರಿನ್ ಇಂಜೆಕ್ಷನ್, ನಾನೇ ಚುಚ್ಚಿಕೊಳ್ಳಬೇಕು. ಹೊಕ್ಕುಳಿನ ಸುತ್ತ ನೇರಳೆಹಣ್ಣು ಜಜ್ಜಿದಂತೆ ಕಲೆಗಳಾದವು. ಅದರ ಜೊತೆಯಲ್ಲೇ ಶುರುವಾದದ್ದು ವಾರ್ಫರಿನ್ ಮಾತ್ರೆ. ಪದೇ ಪದೇ ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆಗಳೂ ಇದ್ದವು. ಬೆಲೆ ಕೇಳಿ ಅಣ್ಣ ಹಳೆಯದೇ ಇರಲಿ ಅಂದ.

ಮಂಚದ ಮೇಲೆ ಕೂತು ಆ ಮಾತ್ರೆಯ ಕಥೆ ಓದಿದೆ. ಅದು ದನಗಳ ಕಥೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರದ ಬಯಲಿನಲ್ಲಿ ಕೊಂಬು ಕತ್ತರಿಸಿದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ಸ್ವೀಟ್ ಕ್ಲೋವರ್ ಎಂಬ ಮೇವು ನೆನೆದು ಬೂಷ್ಟು ಹಿಡಿದಿದ್ದೇ ಕಾರಣ ಎಂದು ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯ ಗುರುತಿಸಿದ. ಕೆಟ್ಟ ಮೇವು ಎಸೆಯಿರಿ ಎನ್ನುವುದು ಸುಲಭ. ಬೇರೆ ಮೇವು ಕೊಳ್ಳಲು ರೈತರ ಕೈಯಲ್ಲಿ ಕಾಸಿರಲಿಲ್ಲ. 1933ರ ಫೆಬ್ರವರಿಯಲ್ಲಿ ಎಡ್ ಕಾರ್ಲ್‌ಸನ್ ಎಂಬ ರೈತ ಹಿಮಗಾಳಿಯಲ್ಲೇ, ಸತ್ತ ಕಡಸನ್ನೂ, ಹಾಲಿನ ಕ್ಯಾನಿನ ತುಂಬ ಹೆಪ್ಪಾಗದ ರಕ್ತವನ್ನೂ, ಒಂದು ಹೊರೆ ಮೇವನ್ನೂ ಹೇರಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಬಳಿಗೆ ಹೋದ. ಆ ಮೇವಿನೊಳಗಿನ ವಸ್ತುವನ್ನು ಬೇರ್ಪಡಿಸಲು ಲಿಂಕ್ ತಂಡಕ್ಕೆ ವರ್ಷಗಳೇ ಹಿಡಿದವು. ಅದರದೇ ಕುಲದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರಿಗೂ ಕೊಟ್ಟರು.

ಈ ಕಥೆಯನ್ನು ಮನೆಯಲ್ಲಿ ಹೇಳಬಾರದಿತ್ತು. ಅಮೆರಿಕದ ಅಧ್ಯಕ್ಷರು ಅಮ್ಮನ ಕಿವಿಗೆ ಬೀಳಲೇ ಇಲ್ಲ. ‘ಇಲಿ ಪಾಷಾಣಾನಾ ನಿಂಗೆ ಕೊಡ್ತಿರೋದು?’ ಎಂದು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಕಡಲೆಕಾಯಿ ಮೂಟೆಗಳ ಸಂದಿಗೆ ಹಿಂದೆ ನಾವೇ ಇಡುತ್ತಿದ್ದ ಗುಳಿಗೆ ಅವಳಿಗೆ ನೆನಪಿತ್ತು. ಬೂಷ್ಟು ಹಿಡಿದ ಮೇವಿನ ಮಾತು ಮಾತ್ರ ತಕ್ಷಣ ಅರ್ಥವಾಯಿತು. ಮಳೆಗೆ ಸಿಕ್ಕಿ ಕಪ್ಪಾದ ಕಡಲೆಬಳ್ಳಿಯನ್ನೇ ಬರಗಾಲದಲ್ಲಿ ಎತ್ತುಗಳಿಗೆ ಹಾಕಿದ್ದಳಲ್ಲ. ‘ಎಸೆಯೋಕೆ ಆಗ್ತದಾ? ಪಾಪ’ ಅಂದಳು, ಆ ರೈತನಿಗೆ.

ಮಾತ್ರೆಗಿಂತ ಕಷ್ಟವಾದದ್ದು ಸೊಪ್ಪು. ವಾರ್ಫರಿನ್ ಕೆಲಸ ಮಾಡುವುದೇ ವಿಟಮಿನ್ ಕೆಗೆ ಅಡ್ಡ ನಿಂತು; ಸೊಪ್ಪಿನಲ್ಲಿ ಇರುವುದೇ ಆ ವಿಟಮಿನ್. ಸೊಪ್ಪು ಹೆಚ್ಚಾದರೆ ಮಾತ್ರೆ ಸೋಲುತ್ತದೆ, ಕಡಿಮೆಯಾದರೆ ಮಾತ್ರೆ ಮೇಲೇಳುತ್ತದೆ. ರಕ್ತ ಎಷ್ಟು ತೆಳುವಾಗಿದೆ ಎಂಬುದನ್ನು ಐಎನ್‌ಆರ್ ಎಂಬ ಅಂಕಿ ಹೇಳುತ್ತದೆ. ಸಾಮಾನ್ಯರಿಗೆ ಒಂದರ ಆಸುಪಾಸು, ನನಗೆ ಎರಡರಿಂದ ಮೂರರ ಒಳಗಿರಬೇಕು. ‘ಸೊಪ್ಪು ಬಿಡಬೇಡಿ’ ಅಂದಿದ್ದರು ಡಾಕ್ಟರು. ‘ದಿನಾ ಒಂದೇ ಅಳತೆ ತಿನ್ನಿ.’

ಒಂದೇ ಅಳತೆ! ನಮ್ಮೂರಲ್ಲಿ ಸೊಪ್ಪು ಎಂದಾದರೂ ಒಂದೇ ಅಳತೆಯಲ್ಲಿ ಬಂದದ್ದುಂಟೇ? ಮಳೆ ಬಿದ್ದ ವಾರ ಹೊಲದ ತುಂಬ ಬೆರಕೆ ಸೊಪ್ಪು. ಅಣ್ಣೆ, ಗೋಣಿ, ದಂಟು, ಗಣಿಕೆ ಎಲ್ಲ ಮಡಿಲಿಗೆ ತುಂಬಿ ತಂದು ಮೂರು ಹೊತ್ತೂ ಅದೇ ಸಾರು, ಅದೇ ಪಲ್ಯ, ಮುದ್ದೆ. ಮಳೆ ಹೋದರೆ ಎರಡು ತಿಂಗಳು ಹುರುಳಿಕಟ್ಟು. ಅಳತೆಯ ಮಾತು ಬಂದ ಮೇಲೆ ಅಮ್ಮ ಅಕ್ಕಿ ಅಳೆಯುವ ಪಾವು ತೆಗೆದಳು. ಹೆಚ್ಚಿದ ಸೊಪ್ಪನ್ನು ಅದರಲ್ಲಿ ಒತ್ತಿ ತುಂಬಿ, ಮೇಲೆ ಅಂಗೈಯಲ್ಲಿ ಸವರಿ, ಬೇರೆ ಚಿಕ್ಕ ಪಾತ್ರೆಯಲ್ಲಿ ಬೇಯಿಸುತ್ತಿದ್ದಳು. ನನ್ನ ಸಾರಿಗೆ ಒಂದು ಒಲೆ, ಮನೆಯವರದಕ್ಕೆ ಇನ್ನೊಂದು.

ಫೆಬ್ರವರಿಯ ತಪಾಸಣೆಗೆ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಡಾಕ್ಟರು ಕಾಲು ನೋಡಿ ಖುಷಿಪಟ್ಟರು. ಎದ್ದು ಹೊರಡುವಾಗ ಅಮ್ಮ ಕೈಮುಗಿದು, ತನಗೆ ಬಂದಷ್ಟು ಕನ್ನಡದಲ್ಲಿ ಕೇಳಿದಳು: ‘ಸಾಮಿ, ಇನ್ನ ಮ್ಯಾಕೆ ಎಣ್ಣೆ ಹಚ್ಚಿ ನೀವಬೋದಾ, ಮೊದ್ಲಿನಂಗೆ?’

‘ಮೊದಲಿನ ಹಾಗೆ?’ ಅಂದರು ಡಾಕ್ಟರು. ಅವರು ನೋಡಿದ್ದು ಅಮ್ಮನನ್ನಲ್ಲ, ನನ್ನನ್ನು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ತೋರಿಸಿ ಅವಳನ್ನು ಕೂರಿಸಿ, ನಾಳ ಯಾವುದು, ಗರಣೆ ಯಾವುದು, ಅದು ಕಿತ್ತು ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತಿನಲ್ಲಿ ಏನಾಗುತ್ತದೆ ಎಂದು ಒಂದೊಂದೇ ಹೇಳಿದರು. ಬಿಗಿ ಕಾಲುಚೀಲ ಹಾಕುವ ಕ್ರಮವನ್ನೂ ಹೇಳಿದರು. ಅಮ್ಮ ಊಂ ಅನ್ನಲಿಲ್ಲ.

ವಾಪಸು ಬಸ್ಸಿನಲ್ಲಿ ಗಂಟೆಗೊಮ್ಮೆ ನಾನು ಎದ್ದು ನಿಲ್ಲಬೇಕು, ಹಿಮ್ಮಡಿ ಎತ್ತಿ ಇಳಿಸಬೇಕು. ಕಂಡಕ್ಟರು ‘ಇಳೀತೀರಾ?’ ಎಂದು ಮೂರು ಸಲ ಕೇಳಿದ. ಮಧುಗಿರಿ ನಿಲ್ದಾಣದಲ್ಲಿ ಇಳಿದು, ಆ ಏಕಶಿಲೆಯ ಬೆಟ್ಟಕ್ಕೆ ಎದುರಾಗಿ ನಾಲ್ಕು ಸುತ್ತು ನಡೆದೆ. ಕಿಟಕಿಯ ಪಕ್ಕ ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದಳು. ಚಳಿ ಇರಲಿಲ್ಲ. ಪಾವಗಡ ಬಂದ ಮೇಲೆ ಒಂದೇ ಮಾತು: ‘ನಾನೇ ಅಲ್ವೇನೋ.’ ನಾನು ಅಲ್ಲ ಅಂದೆ. ಅದು ಎರಡನೆಯ ಸುಳ್ಳು. ಅರ್ಧ ಸುಳ್ಳು ಅನ್ನಬಹುದು, ಗರಣೆ ಕಟ್ಟಿದ್ದಂತೂ ಅವಳಿಂದಲ್ಲ. ಅಂದಿನಿಂದ ಅವಳು ನನ್ನ ಕಾಲು ಮುಟ್ಟುವುದನ್ನು ಬಿಟ್ಟಳು. ತಟ್ಟೆ ಇಡುವಾಗಲೂ ಎಡಗಡೆ ಬಿಟ್ಟು ಬಲಗಡೆಯಿಂದ ಬರುತ್ತಿದ್ದಳು.

ದಿನಾ ಎರಡು ಹೊತ್ತು ನಡೆಯಬೇಕಿತ್ತು. ಸೋಲಾರ್ ಬೇಲಿಯ ಪಕ್ಕದ ರಸ್ತೆ ಚಪ್ಪಟೆಯಾಗಿದೆ, ಕಂಬ ಎಣಿಸಿಕೊಂಡು ಹೋಗಬಹುದು. ಮೊದಲ ವಾರ ಹತ್ತು ಕಂಬ, ತಿಂಗಳಿಗೆ ಅರವತ್ತು. ನಮ್ಮ ಆರು ಎಕರೆ ಒಳಗೆಲ್ಲೋ ಇದೆ. ಬದುವಿಲ್ಲ, ಹುಣಸೆಮರವಿಲ್ಲ, ಎತ್ತ ನೋಡಿದರೂ ಒಂದೇ ನೀಲಿ. 2,050 ಮೆಗಾವ್ಯಾಟಿನಲ್ಲಿ ನಮ್ಮದು ಯಾವ ಬಲ್ಬಿಗೆ ಹೋಗುತ್ತದೋ! ಅರಳಿಕಟ್ಟೆಯ ಮೇಲೆ ದೊಡ್ಡಪ್ಪನ ಸಿದ್ಧಾಂತ ತಯಾರಾಗಿತ್ತು: ಸೋಲಾರು ಬಂತು, ಜನ ಮೈ ಬಗ್ಗಿಸುವುದು ಬಿಟ್ಟರು, ಕೂತು ತಿಂದರು, ರಕ್ತ ಹೆಪ್ಪುಗಟ್ಟಿತು. ಕೇಳಲು ಚೆಂದ. ಭಾಷಣಕ್ಕೂ ಒದಗುತ್ತದೆ. ಆದರೆ ನನ್ನ ಗರಣೆ ಪ್ಲಾಸ್ಟರಿನದು, ಸೊಂಟದೊಳಗಿನ ಆ ಅಡ್ಡದಾರಿಯದು, ಗುತ್ತಿಗೆ ಪತ್ರದ್ದಲ್ಲ. ಆ ದುಡ್ಡಿಲ್ಲದಿದ್ದರೆ ನಾನು ತುಮಕೂರು ದಾಟುತ್ತಿದ್ದೆನೋ ಇಲ್ಲವೋ. ಇಷ್ಟು ಹೇಳಿಯೂ ದೊಡ್ಡಪ್ಪ ಕಟ್ಟೆಯಿಂದ ಏಳಲಿಲ್ಲ.

ಮಾರ್ಚ್ 25ರಿಂದ ಲಾಕ್‌ಡೌನ್. ಪಾವಗಡದಿಂದ ತರಕಾರಿ ಬರುವುದು ನಿಂತಿತು. ಆದರೆ ಕರೆಂಟು ನಿಲ್ಲುವಂತಿಲ್ಲವಲ್ಲ, ಪಾಸ್ ಹಿಡಿದು ಅಣ್ಣ ಸೆಕ್ಯುರಿಟಿ ಕೆಲಸಕ್ಕೂ ಅತ್ತಿಗೆ ಹುಲ್ಲು ಕೀಳುವ ಕೂಲಿಗೂ ಬೇಲಿಯೊಳಗೆ ಹೋಗುತ್ತಿದ್ದರು. ಪ್ಯಾನೆಲ್ ತೊಳೆದ ನೀರು ಬೀಳುವ ಸಾಲಿನಲ್ಲಿ ಏಪ್ರಿಲ್‌ನಲ್ಲೂ ಹಸಿರು. ಊರೆಲ್ಲ ಒಣಗಿರುವಾಗ ಅತ್ತಿಗೆ ಸಂಜೆ ಮಡಿಲ ತುಂಬ ಗೋಣಿಸೊಪ್ಪು, ಅಣ್ಣೆಸೊಪ್ಪು ತಂದು ಸುರಿಯುತ್ತಿದ್ದಳು. ನಮ್ಮದೇ ಹೊಲದ್ದೋ ಏನೋ! ಹಿತ್ತಲಲ್ಲಿ ನುಗ್ಗೆ ಬೇರೆ ಚಿಗುರಿತ್ತು. ಬೇರೆ ಏನೂ ಇಲ್ಲದ ಮನೆಯಲ್ಲಿ ಎರಡು ಒಲೆ ಎಷ್ಟು ದಿನ ನಡೆದೀತು? ಪಾವು ಗೂಡಿಗೆ ಹೋಯಿತು. ನಾನೂ ಬೇಡ ಅನ್ನಲಿಲ್ಲ. ನುಗ್ಗೆಸೊಪ್ಪಿನ ಸಾರಿಗೆ ಬೇಡ ಅನ್ನುವ ನಾಲಗೆ ನನ್ನದಲ್ಲ.

ಪರೀಕ್ಷೆಯ ದಿನ ಮೀರಿತ್ತು. ಕೊನೆಗೆ ಪರಿಚಯದ ಲ್ಯಾಬಿನ ಹುಡುಗ ಬಂದು ರಕ್ತ ತೆಗೆದ. ತುಮಕೂರಿಗೆ ಕಳಿಸುವುದು ಹೇಗೆ? ರಸ್ತೆಯ ಮೇಲೆ ಓಡುತ್ತಿದ್ದುದು ಹಾಲಿನ ಗಾಡಿಗಳು ಮಾತ್ರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡ್ರೈವರಾಗಿದ್ದ. ಟ್ಯೂಬನ್ನು ಹತ್ತಿಯಲ್ಲಿ ಸುತ್ತಿ ಅವನ ಅಂಗಿ ಜೇಬಿಗಿಟ್ಟೆವು. ಹಾಲಿನ ಕ್ಯಾನಿನಲ್ಲಿ ರಕ್ತ ಹೊತ್ತ ಕಾರ್ಲ್‌ಸನ್ ನೆನಪಾಗಿ ನನಗೆ ನಗು ಬಂತು. ಯಾಕೆ ನಗ್ತೀರಿ ಸಾರ್ ಅಂದ. ಹೇಳಲು ಕೂತರೆ ಹಾಲು ಒಡೆಯುತ್ತಿತ್ತು.

ರಾತ್ರಿ ಫೋನ್ ಬಂತು. 1.4. ಡಾಕ್ಟರು ಮಾತ್ರೆ ಹೆಚ್ಚಿಸಲಿಲ್ಲ, ಮೊದಲು ಊಟ ಕೇಳಿದರು. ಬಾಗಿಲ ಹಿಂದೆ ನಿಂತಿದ್ದ ಅಮ್ಮನಿಗೆ ಅಂಕಿ ತಿಳಿಯದಿದ್ದರೂ ನನ್ನ ದನಿ ತಿಳಿಯಿತು. ಗೂಡಿನಿಂದ ಪಾವು ತೆಗೆದು ತೊಳೆಯುವ ಸದ್ದು ಕೇಳಿಸಿತು.

ಅದರ ಮರುದಿನದ ಮಾತು. ಬಿಗಿ ಕಾಲುಚೀಲವನ್ನು ಮಂಚದಿಂದ ಇಳಿಯುವ ಮುಂಚೆಯೇ, ಕಾಲು ಊದುವ ಮೊದಲೇ ಹಾಕಬೇಕು. ನನ್ನ ಹರಡು ಇನ್ನೂ ಪೂರ್ತಿ ಮಡಿಸುತ್ತಿರಲಿಲ್ಲ, ಕೈ ಎಟುಕದು. ದಿನಾ ಬೆಳಿಗ್ಗೆ ಅಣ್ಣ ಎಳೆದು ಹಾಕುತ್ತಿದ್ದ, ಎತ್ತಿಗೆ ಮೂಗುದಾರ ಹಾಕುವವನ ಹಾಗೆ. ಅವತ್ತು ಅವನನ್ನು ಬಿಡಿಸಲು ಬರಬೇಕಾದವನು ಬಾರದ್ದರಿಂದ ಅಣ್ಣ ರಾತ್ರಿ ಪಾಳಿಯಲ್ಲೇ ಉಳಿದಿದ್ದ. ಅತ್ತಿಗೆ ಆಗಲೇ ಕೆಲಸಕ್ಕೆ ಹೋಗಿದ್ದಳು. ನನಗೆ ಹೊರಗೆ ಹೋಗುವ ಅವಸರ. ಕಾಲುಚೀಲ ಹಿಡಿದು ಮಂಚದ ಮೇಲೆ ಒದ್ದಾಡುತ್ತಿದ್ದೆ.

ಅಮ್ಮ ಹಿತ್ತಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದಳು. ಒಳಗೆ ಬಂದು ಸೆರಗಿಗೆ ಒರೆಸಿಕೊಂಡು, ಎಣ್ಣೆಯ ಜಿಡ್ಡಿದೆಯೋ ಎಂದು ಬೆರಳುಗಳನ್ನು ಮೂಸಿ ನೋಡಿಕೊಂಡಳು. ನನ್ನ ಕಾಲಿಗೆ ಪೌಡರ್ ಉದುರಿಸಿದಳು. ಕಾಲುಚೀಲದೊಳಗೆ ಕೈ ಹಾಕಿ ಹಿಮ್ಮಡಿಯವರೆಗೆ ತಿರುವಿ, ಮೊದಲು ಬೆರಳು, ಆಮೇಲೆ ಹಿಮ್ಮಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ಒಂದು ಕಡೆಯೂ ಒತ್ತಲಿಲ್ಲ, ಉಜ್ಜಲಿಲ್ಲ. ಆ ಕ್ರಮವನ್ನು ನಾನು ಅವಳಿಗೆ ಹೇಳಿರಲಿಲ್ಲ. ಡಾಕ್ಟರು ಹೇಳಿದ್ದರು, ಅವಳು ಊಂ ಅನ್ನದೆ ಕೂತಿದ್ದ ದಿನ.

ಮಂಡಿಯ ಹತ್ತಿರ ಬಂದು ನಿಲ್ಲಿಸಿ, ಬಟ್ಟೆಯ ಸುಕ್ಕುಗಳನ್ನು ಉಗುರಿನ ತುದಿಯಿಂದ ಒಂದೊಂದೇ ಬಿಡಿಸಿದಳು.

‘ಮುಡತ ಉಂಡಕೂಡದಂಟ ಗದಾ’, ಸುಕ್ಕು ಇರಬಾರದಂತಲ್ಲ, ಅಂದಳು, ನನ್ನ ಮುಖ ನೋಡದೆ.